ಕೆಮ್ಮದ ಕ್ಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಮಹಿಳೆಯರ ಜನನಾಂಗ ಕ್ಷಯದ ಪತ್ತೆ ಹಾಗೂ ಗರ್ಭಿಣಿ, ಬಾಣಂತಿಯರ ಕ್ಷಯ ತಪಾಸಣೆಯ ಕುರಿತು.

ಮಾನ್ಯರೇ,

ಸರ್ಕಾರಿ ಸೇವೆಯಲ್ಲಿ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞೆಯಾಗಿ ತಾಲ್ಲೂಕು ಹಾಗೂ ಜಿಲ್ಲಾ ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. 2025ರ ಹೊತ್ತಿಗೆ ದೇಶವನ್ನು ಕ್ಷಯಮುಕ್ತಗೊಳಿಸುವುದಾಗಿ ಕೇಂದ್ರ ಸರ್ಕಾರ 2018ರಲ್ಲಿ ಘೋಷಿಸಿದ್ದು ತಮಗೆ ತಿಳಿದೇ ಇದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗದಷ್ಟು ಮಂದಿ ಇಂದಿಗೂ ಭಾರತದಲ್ಲಿದ್ದಾರೆ. 2024ರ ಒಂದೇ ವರ್ಷದಲ್ಲಿ 26 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಸರ್ಕಾರದ ನಿಕ್ಷಯ್ ಜಾಲತಾಣದಲ್ಲಿ ದಾಖಲಾದವು. ಗಡುವು ತಪ್ಪಿದ್ದಕ್ಕೆ ಯಾರನ್ನೂ ಹಂಗಿಸುವುದು ಈ ಪತ್ರದ ಉದ್ದೇಶವಲ್ಲ. ಕೆಮ್ಮುವುದಿಲ್ಲ, ಕಫ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಈ ಲೆಕ್ಕದ ಹೊರಗೇ ಉಳಿದುಬಿಡುವ ಹೆಣ್ಣುಮಕ್ಕಳ ಬಗ್ಗೆ ತಮ್ಮ ಗಮನ ಸೆಳೆಯಬೇಕೆಂದು ಬರೆಯುತ್ತಿದ್ದೇನೆ.

ಕ್ಷಯವೆಂದರೆ ಶ್ವಾಸಕೋಶದ ಕಾಯಿಲೆ ಎಂಬ ತಿಳಿವಳಿಕೆ ಜನರಲ್ಲಿ ಮಾತ್ರವಲ್ಲ, ನಮ್ಮ ಆರೋಗ್ಯ ವ್ಯವಸ್ಥೆಯ ಒಳಗೂ ಬಲವಾಗಿ ಬೇರೂರಿದೆ. ದೇಶದಲ್ಲಿ ದಾಖಲಾಗುವ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗ ಶ್ವಾಸಕೋಶದ ಹೊರಗಿನ ಕ್ಷಯದವು. ಉಸಿರಿನ ಮೂಲಕ ಒಳಹೊಕ್ಕ ರೋಗಾಣು ಎಷ್ಟೋ ಸಲ ಹುಡುಗಿ ಹರೆಯಕ್ಕೆ ಬರುವ ಆಸುಪಾಸಿನಲ್ಲಿಯೇ ರಕ್ತದ ಹರಿವಿನಲ್ಲಿ ಸಾಗಿ ಅಂಡನಾಳಗಳಲ್ಲಿ ನೆಲೆಯೂರುತ್ತದೆ. ಜನನಾಂಗ ಕ್ಷಯವಿರುವ ಹೆಚ್ಚುಕಡಿಮೆ ಎಲ್ಲ ಮಹಿಳೆಯರಲ್ಲೂ ಎರಡೂ ಅಂಡನಾಳಗಳು ರೋಗಕ್ಕೆ ತುತ್ತಾಗಿರುತ್ತವೆ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಗರ್ಭಕೋಶದ ಒಳಪದರಕ್ಕೂ ಇಳಿದಿರುತ್ತದೆ, ಇನ್ನು ಕೆಲವರಲ್ಲಿ ಅಂಡಾಶಯವನ್ನೂ ಮುಟ್ಟಿರುತ್ತದೆ. ಇಷ್ಟೆಲ್ಲ ನಡೆಯುವಾಗ ಆಕೆಗೆ ಜ್ವರವಿರುವುದಿಲ್ಲ, ಕೆಮ್ಮಿರುವುದಿಲ್ಲ, ಎದೆಯ ಎಕ್ಸ್‌ರೇಯಲ್ಲೂ ಹಲವು ಸಲ ಏನೂ ಕಾಣುವುದಿಲ್ಲ. ಮುಟ್ಟಿನ ಸ್ರಾವ ಬರಬರುತ್ತಾ ಕಡಿಮೆಯಾಗುವುದು, ಕೆಲವೊಮ್ಮೆ ಮುಟ್ಟೇ ನಿಂತುಹೋಗುವುದು, ಕಿಬ್ಬೊಟ್ಟೆಯಲ್ಲಿ ಸಣ್ಣಗೆ ನೋವು ಇರುವುದು, ಇವೇ ಸಿಗುವ ಸುಳಿವುಗಳು. ಬಹಳಷ್ಟು ಮಂದಿಗೆ ಅವೂ ಇರುವುದಿಲ್ಲ. ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಲಿಲ್ಲ ಎಂಬುದಷ್ಟೇ ದೂರು.

ಅಂಡನಾಳಗಳು ತೆರೆದಿವೆಯೇ ಎಂದು ನೋಡಲು ಗರ್ಭಕೋಶಕ್ಕೆ ಬಣ್ಣದ ದ್ರವ ಹಾಯಿಸಿ ತೆಗೆಯುವ ಎಕ್ಸ್‌ರೇಗೆ ನಾವು ಎಚ್‌ಎಸ್‌ಜಿ ಎನ್ನುತ್ತೇವೆ. ಆರೋಗ್ಯವಾಗಿರುವ ಹೆಣ್ಣಿನ ಫಿಲ್ಮಿನಲ್ಲಿ ಆ ದ್ರವ ತೆಳುವಾದ ಎರಡು ಬಾಗುಗೆರೆಗಳಾಗಿ ಸಾಗಿ ತುದಿಯಲ್ಲಿ ಹೊಗೆಯಂತೆ ಚದುರಿಹೋಗುತ್ತದೆ. ಕ್ಷಯ ಹಳತಾದವರ ಫಿಲ್ಮಿನಲ್ಲಿ ನಾಳ ಅಲ್ಲಲ್ಲಿ ಕಿರಿದಾಗಿ, ಅಲ್ಲಲ್ಲಿ ಉಬ್ಬಿ ಮಣಿ ಪೋಣಿಸಿದಂತೆ ತೋರುತ್ತದೆ, ಇಲ್ಲವೇ ಬಾಗುವ ಗುಣವನ್ನೇ ಕಳೆದುಕೊಂಡು ಸೆಟೆದು ನಿಂತಿರುತ್ತದೆ. ದ್ರವ ತುದಿಯವರೆಗೆ ಹೋಗಿ ಅಲ್ಲೇ ಕಟ್ಟಿಕೊಂಡಿರುತ್ತದೆ. ಗರ್ಭಕೋಶದ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ತ್ರಿಕೋನವಾಗಿ ಕಾಣಬೇಕಾದ ಜಾಗ ಕುಗ್ಗಿ ವಿಕಾರವಾಗಿರುತ್ತದೆ. ಇಂಥ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುವಾಗ ವೈದ್ಯರಿಗೆ ತಿಳಿಯುವುದು ರೋಗವಿದೆ ಎಂಬುದು ಮಾತ್ರವಲ್ಲ, ರೋಗ ಬಂದು ವರ್ಷಗಳೇ ಕಳೆದಿವೆ ಎಂಬುದೂ ಹೌದು. ಅಷ್ಟು ವರ್ಷ ಆಕೆ ಯಾವ ಆಸ್ಪತ್ರೆಯನ್ನೂ ಹತ್ತಿರಲಿಲ್ಲವೇ? ಹತ್ತಿದ್ದಳು, ಹಲವು ಆಸ್ಪತ್ರೆಗಳನ್ನು ಹತ್ತಿದ್ದಳು.

ಆ ದಾರಿ ನಮ್ಮ ಊರುಗಳಲ್ಲಿ ಎಲ್ಲರಿಗೂ ಪರಿಚಿತವೇ. ಮೊದಲ ಒಂದೆರಡು ವರ್ಷ ಹರಕೆ, ನಾಗಪ್ರತಿಷ್ಠೆ, ಅರಳಿಮರದ ಪ್ರದಕ್ಷಿಣೆ. ಆಮೇಲೆ ಊರಿನ ವೈದ್ಯರು ಬರೆದುಕೊಟ್ಟ ಅಂಡಾಣು ಬೆಳೆಸುವ ಮಾತ್ರೆಗಳು. ನಾಳವೇ ಮುಚ್ಚಿರುವಾಗ ಅಂಡಾಣು ಎಷ್ಟು ಬೆಳೆದರೂ ಫಲವಿಲ್ಲ. ಅಷ್ಟರಲ್ಲಿ ಅತ್ತೆಮನೆಯಲ್ಲಿ ಎರಡನೆಯ ಸಂಬಂಧದ ಮಾತು ಶುರುವಾಗಿರುತ್ತದೆ. ಕೊನೆಗೆ ಒಡವೆ ಅಡವಿಟ್ಟು ಜಿಲ್ಲಾ ಕೇಂದ್ರದ ಬಂಜೆತನ ಚಿಕಿತ್ಸಾ ಕೇಂದ್ರಕ್ಕೆ ಬರುತ್ತಾರೆ. (ಗಂಡನ ವೀರ್ಯ ಪರೀಕ್ಷೆ ಇಷ್ಟು ಹೊತ್ತಿಗೂ ಆಗಿರುವುದಿಲ್ಲ. ಕ್ಷಯ ಗಂಡಸಿನ ಜನನಾಂಗಕ್ಕೂ ಬರುತ್ತದೆ ಎಂದರೆ ನಂಬುವವರು ಕಡಿಮೆ.) ಈ ಇಡೀ ಪ್ರಯಾಣದಲ್ಲಿ "ನಿಮ್ಮ ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತೇ, ನಿಮಗೆ ಚಿಕ್ಕಂದಿನಲ್ಲಿ ಟಿಬಿ ಮಾತ್ರೆ ಕೊಟ್ಟಿದ್ದರೇ" ಎಂದು ಯಾರೂ ಕೇಳಿರುವುದಿಲ್ಲ. ಈ ಪ್ರಶ್ನೆಗೆ ಖರ್ಚೇನೂ ಇಲ್ಲ.

ಪತ್ತೆ ಸುಲಭವೆಂದು ನಾನು ಹೇಳುತ್ತಿಲ್ಲ. ಗರ್ಭಕೋಶದ ಒಳಪದರದಲ್ಲಿ ರೋಗಾಣುಗಳ ಸಂಖ್ಯೆ ಬಹಳ ಕಡಿಮೆ ಇರುತ್ತದೆ, ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ಅವು ಕಾಣುವುದು ಅಪರೂಪ. ಮಾದರಿಯನ್ನು ಯಂತ್ರಕ್ಕೆ ಹಾಕಿ ರೋಗಾಣುವನ್ನು ಗುರುತಿಸುವ ಸಿಬಿನ್ಯಾಟ್ ಪರೀಕ್ಷೆ ರೋಗವಿದೆ ಎಂದರೆ ನಂಬಬಹುದು. ಇಲ್ಲ ಎಂದಾಗ ಅದೇ ಕೊನೆಯ ಮಾತಲ್ಲ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಒಳಪದರದ ತುಣುಕನ್ನು ತೆಗೆದು, ಅದನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಅಂಗಾಂಶ ಪರೀಕ್ಷೆಗೆಂದು ಫಾರ್ಮಲಿನ್‌ನಲ್ಲಿಯೂ ಇನ್ನೊಂದನ್ನು ಸಿಬಿನ್ಯಾಟ್ ಮತ್ತು ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೆಂದು ಸಲೈನ್‌ನಲ್ಲಿಯೂ ಕಳುಹಿಸಬೇಕು. ಅದೆಷ್ಟೋ ಕಡೆ ಇರುವ ತುಣುಕನ್ನೆಲ್ಲ ಅಭ್ಯಾಸಬಲದಿಂದ ಫಾರ್ಮಲಿನ್ ಬಾಟಲಿಗೇ ಹಾಕಿಬಿಡುತ್ತಾರೆ. ಫಾರ್ಮಲಿನ್ ಬಿದ್ದೊಡನೆ ರೋಗಾಣು ಸಾಯುತ್ತದೆ, ಕಲ್ಚರ್ ಸಾಧ್ಯವಾಗುವುದಿಲ್ಲ, ಔಷಧಕ್ಕೆ ಬಗ್ಗದ ತಳಿಯೇ ಎಂದು ತಿಳಿಯುವ ದಾರಿಯೂ ಮುಚ್ಚುತ್ತದೆ. ಆಪರೇಷನ್ ಥಿಯೇಟರಿನ ಗೋಡೆಗೆ ಅಂಟಿಸುವ ಒಂದು ಸಾಲಿನ ಸೂಚನೆ, ಸಲೈನ್ ತುಂಬಿದ ಒಂದು ಸಣ್ಣ ಡಬ್ಬಿ, ಅದನ್ನು ಅದೇ ದಿನ ಕ್ಷಯ ಪ್ರಯೋಗಾಲಯಕ್ಕೆ ತಲುಪಿಸುವ ಒಬ್ಬ ವ್ಯಕ್ತಿ: ಇಷ್ಟನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಖಾತರಿಪಡಿಸಲು ಸುತ್ತೋಲೆಯೊಂದು ಸಾಕು.

ಇದರ ಇನ್ನೊಂದು ಮಗ್ಗುಲು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಕೆಲವು ಖಾಸಗಿ ಬಂಜೆತನ ಕೇಂದ್ರಗಳಲ್ಲಿ ಮಕ್ಕಳಾಗದ ಪ್ರತಿ ಹೆಣ್ಣಿಗೂ, ರೋಗಾಣುವಿನ ವಂಶವಾಹಿಯ ತುಣುಕನ್ನು ಹುಡುಕುವ ಡಿಎನ್‌ಎ ಪಿಸಿಆರ್ ಮಾಡಿಸಿ, ಅದೊಂದೇ ಪಾಸಿಟಿವ್ ಬಂದರೂ ಆರು ತಿಂಗಳ ಕ್ಷಯ ಚಿಕಿತ್ಸೆ ಶುರು ಮಾಡುವ ರೂಢಿ ಬೆಳೆದಿದೆ. ಸತ್ತ ರೋಗಾಣುವಿನ ತುಣುಕಿಗೂ ಆ ಪರೀಕ್ಷೆ ಪಾಸಿಟಿವ್ ಎನ್ನಬಲ್ಲದು. ಅದೊಂದನ್ನೇ ನಂಬಿ ಚಿಕಿತ್ಸೆ ಆರಂಭಿಸಬಾರದೆಂದು ಶ್ವಾಸಕೋಶದ ಹೊರಗಿನ ಕ್ಷಯದ ಬಗೆಗಿನ ನಮ್ಮದೇ ರಾಷ್ಟ್ರೀಯ ಮಾರ್ಗಸೂಚಿ 2016ರಲ್ಲಿ ಹೇಳಿದೆ. ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯಲ್ಲಿ ತೋಳು ಊದಿದರೂ ಅಷ್ಟೇ, ರೋಗಾಣು ಎಂದೋ ದೇಹವನ್ನು ಹೊಕ್ಕಿತ್ತೆಂದು ಅದರರ್ಥವೇ ಹೊರತು ಈಗ ರೋಗವಿದೆ ಎಂದಲ್ಲ. ಹೀಗಾಗಿ ಒಂದು ಕಡೆ ರೋಗವಿದ್ದವಳಿಗೆ ಮಾತ್ರೆ ಸಿಗುವುದಿಲ್ಲ, ಇನ್ನೊಂದು ಕಡೆ ರೋಗವಿಲ್ಲದವಳು ಯಕೃತ್ತಿಗೆ ಹೊರೆಯಾಗುವ ಔಷಧಗಳನ್ನು ತಿಂಗಳುಗಟ್ಟಲೆ ನುಂಗುತ್ತಾಳೆ. ಕ್ಷಯರೋಗ 2012ರಿಂದ ಕಡ್ಡಾಯವಾಗಿ ವರದಿ ಮಾಡಲೇಬೇಕಾದ ಕಾಯಿಲೆ. ಆ ನಿಯಮದಲ್ಲಿ ಶ್ವಾಸಕೋಶದ ಕ್ಷಯ, ಗರ್ಭಕೋಶದ ಕ್ಷಯ ಎಂಬ ಭೇದವಿಲ್ಲ. ತಮ್ಮ ಇಲಾಖೆ ಬಂಜೆತನ ಕೇಂದ್ರಗಳಿಗೆ 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ಅಡಿ ನೋಂದಣಿ ಕೊಡುತ್ತದೆ. ಕ್ಷಯ ಚಿಕಿತ್ಸೆ ಆರಂಭಿಸಿದ ಪ್ರತಿ ಮಹಿಳೆಯ ವಿವರವನ್ನು, ಯಾವ ಪರೀಕ್ಷೆಯ ಆಧಾರದ ಮೇಲೆ ಆರಂಭಿಸಲಾಯಿತು ಎಂಬುದರ ಸಹಿತ, ನಿಕ್ಷಯ್‌ನಲ್ಲಿ ದಾಖಲಿಸಿದ್ದಾರೆಯೇ ಎಂದು ತಪಾಸಣೆಗೆ ಹೋದ ಅಧಿಕಾರಿಗಳು ಕೇಳಿದರೆ ಅರ್ಧ ಸಮಸ್ಯೆ ತಾನಾಗಿ ಸರಿಹೋಗುತ್ತದೆ ಎಂಬುದು ನನ್ನ ನಂಬಿಕೆ.

ಚಿಕಿತ್ಸೆಯ ಬಗ್ಗೆ ಸುಳ್ಳು ಭರವಸೆ ಕೊಡುವುದೂ ಸರಿಯಲ್ಲ. ಮೊದಲ ಎರಡು ತಿಂಗಳು ನಾಲ್ಕು ಔಷಧ, ನಂತರದ ನಾಲ್ಕು ತಿಂಗಳು ಮೂರು ಔಷಧ, ಇವು ರೋಗವನ್ನು ಗುಣಪಡಿಸುತ್ತವೆ. ಆದರೆ ಗಾಯ ಮಾಗಿ ಕಟ್ಟಿಹೋದ ನಾಳವನ್ನು ತೆರೆಯುವುದಿಲ್ಲ. ಹಾನಿ ಅಷ್ಟಾಗಿ ಆಗದ ಹಂತದಲ್ಲಿ ಚಿಕಿತ್ಸೆ ಸಿಕ್ಕವರು ಸಹಜವಾಗಿಯೇ ಬಸುರಾಗುತ್ತಾರೆ. ನಾಳ ಮುಚ್ಚಿದ್ದರೂ ಗರ್ಭಕೋಶದ ಒಳಪದರ ಉಳಿದಿದ್ದರೆ ಐವಿಎಫ್‌ಗೆ ಅವಕಾಶವಿದೆ. ಒಳಪದರವೂ ಹೋಗಿದ್ದರೆ ಮುಂದಿನ ದಾರಿ ಬಹಳ ಕಡಿದು. ಚಿಕಿತ್ಸೆಯ ಬಳಿಕ ಬಸುರಾದವರಲ್ಲೂ ಗರ್ಭ ನಾಳದಲ್ಲಿಯೇ ನಿಂತುಬಿಡುವ ಅಪಾಯ ಹೆಚ್ಚಿರುವುದರಿಂದ, ಮುಟ್ಟು ತಪ್ಪಿದ ಕೂಡಲೇ ಸ್ಕ್ಯಾನ್ ಆಗಬೇಕೆಂದು ಅವರಿಗೆ ತಿಳಿಹೇಳಬೇಕು. ಒಟ್ಟಿನಲ್ಲಿ ಇಲ್ಲಿ ಎಲ್ಲವೂ ನಿಂತಿರುವುದು ಎಷ್ಟು ಬೇಗ ಕಂಡುಹಿಡಿಯುತ್ತೇವೆ ಎಂಬುದರ ಮೇಲೆ.

ಬೇಗ ಕಂಡುಹಿಡಿಯುವುದು ಹೇಗೆ ಎಂಬುದಕ್ಕೆ ಉತ್ತರ ನಮ್ಮ ರಾಜ್ಯದಲ್ಲಿಯೇ ಅರವತ್ತು ವರ್ಷಗಳ ಹಿಂದೆ ಸಿಕ್ಕಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದ ಹೊಸತರಲ್ಲಿ ಅಲ್ಲಿನ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನವೊಂದನ್ನು ನಡೆಸಿದರು. 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಮನೆಮನೆಗೆ ಹೋಗಿ ಹುಡುಕಬೇಕು ಎಂಬ ಅಂದಿನ ನಂಬಿಕೆಗೆ ವಿರುದ್ಧವಾಗಿ, ರೋಗಿಗಳಲ್ಲಿ ಬಹುಪಾಲು ಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತು ಮತ್ತು ಅರ್ಧದಷ್ಟು ಮಂದಿ ಅದಾಗಲೇ ಆಸ್ಪತ್ರೆಗೆ ಹೋಗಿದ್ದರು ಎಂಬುದು ಬೆಳಕಿಗೆ ಬಂತು. ಅವರನ್ನು ಗುರುತಿಸದೆ ಕೆಮ್ಮಿನ ಔಷಧ ಕೊಟ್ಟು ಕಳುಹಿಸಿದ್ದು ಆಸ್ಪತ್ರೆ. ದೇಶದ ಕ್ಷಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೆಯಬೇಕೆಂಬ ನಿಲುವಿಗೆ ಈ ತಿಳಿವಳಿಕೆ ಬುನಾದಿಯಾಯಿತು. ಮಹಿಳೆಯರ ವಿಷಯದಲ್ಲಿ ಇಂದೂ ಆಗುತ್ತಿರುವುದು ಅದೇ. ಮಕ್ಕಳಾಗಲಿಲ್ಲವೆಂದು ಸ್ತ್ರೀರೋಗ ವಿಭಾಗಕ್ಕೆ ಬಂದವಳೂ, ಬಸುರಿ ತಪಾಸಣೆಗೆ ಬಂದವಳೂ ತಾವಾಗಿಯೇ ನಮ್ಮ ಬಾಗಿಲಿಗೆ ಬಂದವರು.

ಇನ್ನು ಗರ್ಭಿಣಿಯರ ವಿಷಯಕ್ಕೆ ಬರುತ್ತೇನೆ. 2011ರ ಅಂದಾಜೊಂದರ ಪ್ರಕಾರ ಜಗತ್ತಿನಲ್ಲಿ ಆ ಒಂದು ವರ್ಷ 2 ಲಕ್ಷಕ್ಕೂ ಹೆಚ್ಚು ಗರ್ಭಿಣಿಯರಿಗೆ ಕ್ಷಯವಿತ್ತು. ಬಸುರಿನಲ್ಲಿ ಸುಸ್ತು ಸಹಜ, ಊಟ ಸೇರದಿರುವುದು ಸಹಜ. ಕ್ಷಯದಿಂದ ತೂಕ ಇಳಿಯುತ್ತಿದ್ದರೂ ಮಗು ಬೆಳೆಯುತ್ತಿರುವುದರಿಂದ ತಕ್ಕಡಿಯಲ್ಲಿ ಅದು ಕಾಣುವುದಿಲ್ಲ. ಪತ್ತೆಯಾಗದೆ ಉಳಿದರೆ ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಮಗು, ಕೊನೆಗೆ ತಾಯಿಯ ಪ್ರಾಣಕ್ಕೇ ಕುತ್ತು. ಕೇಂದ್ರ ಆರೋಗ್ಯ ಸಚಿವಾಲಯ ಗರ್ಭಿಣಿಯರ ಕ್ಷಯ ನಿರ್ವಹಣೆಗೆಂದೇ 2021ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿ, ತಪಾಸಣೆಗೆ ಬಂದ ಪ್ರತಿ ಗರ್ಭಿಣಿಯನ್ನು ಕೆಮ್ಮು, ಜ್ವರ, ರಾತ್ರಿ ಬೆವರು, ತೂಕದ ಬಗ್ಗೆ ಕೇಳಬೇಕೆಂದು ತಿಳಿಸಿದೆ. ತಾಯಿ ಕಾರ್ಡಿನಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್, ಎಚ್‌ಐವಿ, ಸಕ್ಕರೆ ಎಲ್ಲವನ್ನೂ ಬರೆಯುವ ನಮ್ಮ ಸಿಬ್ಬಂದಿ, ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ನೂಕುನುಗ್ಗಲಿನಲ್ಲಿ ಈ ನಾಲ್ಕು ಪ್ರಶ್ನೆ ಕೇಳದೆಯೇ "ಇಲ್ಲ" ಎಂದು ಗುರುತು ಹಾಕಿಬಿಡುತ್ತಾರೆ. ಅವರನ್ನು ದೂರಲಾರೆ, ಒಂದು ಬೆಳಗಿನಲ್ಲಿ ಎಷ್ಟು ಮಂದಿಯನ್ನು ನೋಡಬೇಕೆಂಬುದನ್ನು ನಾನೂ ಬಲ್ಲೆ. ಈ ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿಯೇ ಕೇಳಿ ಬರಲಿ, ಅದಕ್ಕೆ ತಕ್ಕ ಪ್ರೋತ್ಸಾಹಧನ ಕೊಡಿ.

ಕ್ಷಯ ಎಂದು ಗೊತ್ತಾದಾಗ ಗರ್ಭ ತೆಗೆಸಿಬಿಡಿ ಎನ್ನುವ ಸಲಹೆಯನ್ನು ಇವತ್ತಿಗೂ ಕೇಳುತ್ತೇವೆ. ಸಾಮಾನ್ಯ ಕ್ಷಯದಲ್ಲಿ ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಈ ನಾಲ್ಕನ್ನೂ ಬಸುರಿನಲ್ಲಿ ಕೊಡಬಹುದು, ಜೊತೆಗೆ ಬಿ6 ಜೀವಸತ್ವದ ಮಾತ್ರೆ ಕೊಡಬೇಕು. ಮಗುವಿನ ಕಿವಿಗೆ ಹಾನಿ ಮಾಡುವ ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದನ್ನು ಮಾತ್ರ ಕೊಡಬಾರದು. ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಎದೆಯ ಎಕ್ಸ್‌ರೇ ತೆಗೆದರೆ ಮಗುವಿಗೆ ಅಪಾಯವಿಲ್ಲ. ಮಾತ್ರೆ ನುಂಗುವುದಕ್ಕಿಂತ ನುಂಗದಿರುವುದೇ ಮಗುವಿಗೆ ಹೆಚ್ಚು ಅಪಾಯ.

ಆಡಳಿತದ ಕಣ್ಣಿಗೆ ಬೀಳದ ಒಂದು ಸಂಗತಿಯನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕು. ನಮ್ಮಲ್ಲಿ ಏಳನೆಯ ತಿಂಗಳಿಗೋ ಒಂಬತ್ತನೆಯ ತಿಂಗಳಿಗೋ ಬಸುರಿ ತವರಿಗೆ ಹೋಗುತ್ತಾಳೆ, ಹೆರಿಗೆಯಾಗಿ ಮೂರು ಅಥವಾ ಐದು ತಿಂಗಳು ಅಲ್ಲೇ ಇರುತ್ತಾಳೆ. ಆಕೆಯ ಕ್ಷಯ ಚಿಕಿತ್ಸೆ ನೋಂದಣಿಯಾಗಿರುವುದು ಗಂಡನ ಊರಿನ ಆರೋಗ್ಯ ಕೇಂದ್ರದಲ್ಲಿ. ಮಾತ್ರೆಯ ಪೊಟ್ಟಣ ಹದಿನೈದು ದಿನಕ್ಕೋ ತಿಂಗಳಿಗೋ ಮುಗಿಯುತ್ತದೆ. ತವರಿನ ಕೇಂದ್ರಕ್ಕೆ ಹೋದರೆ "ನಿಮ್ಮ ಹೆಸರು ಇಲ್ಲಿಲ್ಲ" ಎನ್ನುತ್ತಾರೆ. ಗಂಡನ ಊರಿನವರು "ರೋಗಿ ಊರಲ್ಲಿಲ್ಲ" ಎಂದು ಬರೆದುಕೊಳ್ಳುತ್ತಾರೆ. ನಿಕ್ಷಯ್‌ನಲ್ಲಿ ವರ್ಗಾವಣೆ ಮಾಡುವ ಸೌಲಭ್ಯ ಇದೆ, ಆದರೆ ಅದನ್ನು ಒತ್ತಬೇಕಾದ ಮೇಲ್ವಿಚಾರಕರಿಗೆ ಆಕೆ ಹೋಗುವ ದಿನ ತಿಳಿದಿರುವುದಿಲ್ಲ, ತವರಿನಲ್ಲಿ ಆಕೆಗೆ ಟಿಬಿ ಇದೆಯೆಂದು ಹೇಳಿರದಿದ್ದರೆ ಆಕೆಯೂ ಹೇಳುವುದಿಲ್ಲ. ಹೀಗೆ ಒಂದೂವರೆ, ಎರಡು ತಿಂಗಳು ಮಾತ್ರೆ ತಪ್ಪುವುದು ಅಪರೂಪವೇನಲ್ಲ, ಔಷಧಕ್ಕೆ ಬಗ್ಗದ ಕ್ಷಯ ಹುಟ್ಟಿಕೊಳ್ಳಲು ಅಷ್ಟು ಸಾಕು. ಗರ್ಭಿಣಿ ರೋಗಿಯ ದಾಖಲೆಯಲ್ಲಿ ತವರಿನ ವಿಳಾಸ ಮತ್ತು ಹೋಗಲಿರುವ ತಿಂಗಳನ್ನು ಚಿಕಿತ್ಸೆಯ ಮೊದಲ ದಿನವೇ ಬರೆದುಕೊಂಡು, ಹೊರಡುವ ಮುನ್ನ ಎರಡು ತಿಂಗಳ ಮಾತ್ರೆಯನ್ನು ಕೈಗೆ ಕೊಟ್ಟು ಕಳುಹಿಸುವ ಆದೇಶವನ್ನು ತಾವು ಹೊರಡಿಸಬೇಕು. ಈ ವಿವರ ತಾಯಿ ಕಾರ್ಡಿನ ಮುಖಪುಟದಲ್ಲಿ ಕೆಂಪಕ್ಷರದಲ್ಲಿ ಇರಬಾರದು ಎಂಬುದೂ ನನ್ನ ಕೋರಿಕೆ. ಆ ಕಾರ್ಡು ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲರ ಕೈಗೂ ಹೋಗುತ್ತದೆ.

ಹೆರಿಗೆಯ ನಂತರದ ತಿಂಗಳುಗಳಲ್ಲಿ ಕ್ಷಯ ತಲೆಯೆತ್ತುವ ಸಂಭವ ಹೆಚ್ಚು. ಬಸುರಿನಲ್ಲಿ ತಗ್ಗಿದ್ದ ರೋಗನಿರೋಧಕ ಪ್ರತಿಕ್ರಿಯೆ ಹೆರಿಗೆಯಾದ ಮೇಲೆ ಮತ್ತೆ ಚುರುಕಾದಾಗ ಮರೆಯಲ್ಲಿದ್ದ ಲಕ್ಷಣಗಳು ಹೊರಬೀಳುತ್ತವೆ. ಬಾಣಂತಿಯ ಕೆಮ್ಮನ್ನು ಶೀತವೆಂದೂ ಜ್ವರವನ್ನು ನಂಜೆಂದೂ ಇಳಿದ ತೂಕವನ್ನು ಹಾಲೂಡಿಸುವುದರಿಂದ ಆದದ್ದೆಂದೂ ಮನೆಯವರು ತಿಳಿಯುತ್ತಾರೆ. ಗಾಳಿಯಾಡದ ಬಾಣಂತಿಕೋಣೆಯಲ್ಲಿ, ಕಿಟಕಿ ಮುಚ್ಚಿ, ಹಸುಗೂಸನ್ನು ಪಕ್ಕದಲ್ಲೇ ಮಲಗಿಸಿಕೊಂಡಿರುವ ತಾಯಿಗೆ ಶ್ವಾಸಕೋಶದ ಕ್ಷಯವಿದ್ದರೆ ಮಗುವಿಗೆ ತಗಲುವುದು ಸುಲಭ. ಹುಟ್ಟುವಾಗಲೇ ಕ್ಷಯ ಬರುವುದು ಅಪರೂಪ, ಹುಟ್ಟಿದ ಮೇಲೆ ತಗಲುವುದೇ ಹೆಚ್ಚು. ಹಾಗೆಂದು ಮಗುವನ್ನು ತಾಯಿಯಿಂದ ಬೇರ್ಪಡಿಸಿ ಹಾಲು ಬಿಡಿಸಬೇಕಾಗಿಲ್ಲ. ಎದೆಹಾಲಿನಿಂದ ಕ್ಷಯ ಹರಡುವುದಿಲ್ಲ, ಹಾಲಿನಲ್ಲಿ ಸೇರುವ ಔಷಧದ ಪ್ರಮಾಣವೂ ಅಲ್ಪ. ತಾಯಿ ಮಾಸ್ಕ್ ಧರಿಸಿ ಹಾಲೂಡಿಸಲಿ, ಕಿಟಕಿ ತೆರೆದಿರಲಿ, ಮಗುವಿಗೆ ರೋಗವಿಲ್ಲವೆಂದು ವೈದ್ಯರು ಖಚಿತಪಡಿಸಿಕೊಂಡು ತಡೆ ಔಷಧ ಕೊಡಲಿ. ಲಸಿಕೆಗೆಂದು ಮಗುವನ್ನು ಆರನೆಯ ವಾರ ತಂದಾಗ ತಾಯಿಯ ಕೆಮ್ಮಿನ ಬಗ್ಗೆಯೂ ವಿಚಾರಿಸುವ ಪದ್ಧತಿ ಬಂದರೆ ಅದಕ್ಕೆ ಬೇರೆ ಶಿಬಿರ ಬೇಕಾಗಿಲ್ಲ.

ಚಿಕಿತ್ಸೆ ಮುಗಿಯುವವರೆಗೆ ಬಸುರಾಗಬೇಡಿ ಎಂದು ಹೇಳುವ ನಾವೇ ಮಾಲಾ-ಎನ್ ಮಾತ್ರೆಯ ಹಾಳೆಯನ್ನೂ ಕೊಟ್ಟು ಕಳುಹಿಸುತ್ತೇವೆ. ರಿಫಾಂಪಿಸಿನ್ ಆ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತದೆ ಎಂದು ಕ್ಷಯ ವಿಭಾಗದವರು ಹೇಳಿರುವುದಿಲ್ಲ, ಕುಟುಂಬ ಯೋಜನೆಯವರು ಕೇಳಿರುವುದಿಲ್ಲ. ಕಾಪರ್-ಟಿ ಅಥವಾ ನಿರೋಧ್ ಸೂಚಿಸಬೇಕು. ಅದೇ ಔಷಧದಿಂದ ಮೂತ್ರ, ಬೆವರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನೂ ಮೊದಲೇ ತಿಳಿಸಬೇಕು; ರಕ್ತ ಹೋಗುತ್ತಿದೆಯೆಂದು ಹೆದರಿ ಮಾತ್ರೆ ಬಿಟ್ಟ ಹೆಣ್ಣುಮಕ್ಕಳನ್ನು ಕಂಡಿದ್ದೇನೆ.

ಆಹಾರದ ಮಾತು ಬಿಟ್ಟರೆ ಈ ಪತ್ರ ಅಪೂರ್ಣವಾದೀತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ಮುಂದಾಳ್ತನದಲ್ಲಿ ಜಾರ್ಖಂಡ್‌ನಲ್ಲಿ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಗಿ, ರೋಗಿಯ ಮನೆಯವರಿಗೂ ಪಡಿತರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಸುಮಾರು ಶೇ. 40ರಷ್ಟು ತಗ್ಗಿತೆಂದು ತೋರಿಸಿತು. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ತಿನ್ನುವವಳು ಸೊಸೆ. ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000 ರೂಪಾಯಿಗೆ ಏರಿಸಿದ್ದು ಒಳ್ಳೆಯದೇ ಆಯಿತು. ಆದರೆ ಅದು ಆಕೆಯದೇ ಖಾತೆಗೆ ಜಮೆಯಾಗುತ್ತಿದೆಯೇ ಎಂದು ನೋಡಬೇಕು. ಕ್ಷಯವಿರುವ ಗರ್ಭಿಣಿ ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ಬರಲಾಗದಿದ್ದರೆ ಆಕೆಯ ಪಾಲಿನ ಆಹಾರ ಮನೆಗೆ ತಲುಪುವ ವ್ಯವಸ್ಥೆಯೂ ಬೇಕು.

ಸ್ತ್ರೀರೋಗ ವಿಭಾಗ, ಕ್ಷಯ ವಿಭಾಗ, ಕುಟುಂಬ ಕಲ್ಯಾಣ, ಮೂರೂ ತಮ್ಮ ಇಲಾಖೆಯ ಅಧೀನದಲ್ಲೇ ಇವೆ. ಬರುವ ಮಾರ್ಚ್ 24ರ ವಿಶ್ವ ಕ್ಷಯ ದಿನದಂದು ಇಲಾಖೆ ಅಂಕಿಅಂಶ ಬಿಡುಗಡೆ ಮಾಡುವಾಗ, ಜನನಾಂಗ ಕ್ಷಯ ಪತ್ತೆಯಾದ ಮಹಿಳೆಯರೆಷ್ಟು, ಕ್ಷಯ ಪತ್ತೆಯಾದ ಗರ್ಭಿಣಿಯರೆಷ್ಟು, ಬಾಣಂತಿಯರೆಷ್ಟು, ಅವರಲ್ಲಿ ಚಿಕಿತ್ಸೆ ಪೂರ್ಣಗೊಳಿಸಿದವರೆಷ್ಟು ಎಂಬುದನ್ನು ಜಿಲ್ಲಾವಾರು ಪ್ರತ್ಯೇಕವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ. ಯಾವುದೋ ಜಿಲ್ಲೆಯ ಮುಂದೆ ಸೊನ್ನೆ ಬಂದರೆ, ಅಲ್ಲಿ ರೋಗವಿಲ್ಲವೆಂದು ತಿಳಿಯದೆ, ಆ ಜಿಲ್ಲೆಯ ಸ್ತ್ರೀರೋಗ ವಿಭಾಗದಿಂದ ಎಷ್ಟು ಮಾದರಿಗಳು ಪ್ರಯೋಗಾಲಯಕ್ಕೆ ಹೋಗಿವೆ ಎಂದು ಅಧಿಕಾರಿಗಳನ್ನು ಕೇಳಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸ್ತ್ರೀರೋಗ ತಜ್ಞೆ